ಮೇಣದ ಮನೆಯ ಕೆಂಪು ಬಿಲ್ಲೆಗಳು

ನಮ್ಮೂರಲ್ಲಿ ಮಾತು ಕೊಟ್ಟವರು ಮೇಣ ಕಚ್ಚಬೇಕು. ಹೆಣ್ಣು ಕೊಡುವವರು, ಹೆಣ್ಣು ತರುವವರು, ಹೊಲದ ಬದು ಇಲ್ಲಿಗೇ ಸರಿ ಎಂದು ಒಪ್ಪಿಕೊಂಡವರು, ಹತ್ತು ವರ್ಷದ ಜಗಳ ಇವತ್ತಿಗೆ ಬಿಟ್ಟೆವು ಎಂದವರು, ಎಲ್ಲರೂ ಅಷ್ಟೇ. ಹೇಳಬೇಕಾದ್ದನ್ನು ಹೇಳಿ, ಕೆಂಡದ ಬಿಸಿಗೆ ಮೆದುವಾದ ಬಿಳಿ ಮೇಣದ ಬಿಲ್ಲೆಯನ್ನು ಒಸಡು ತಾಗುವವರೆಗೆ ಕಚ್ಚಿ ಬಿಡಬೇಕು. ಆಮೇಲೆ ಆ ಬಿಲ್ಲೆ ನನ್ನ ಕೈಗೆ ಬರುತ್ತದೆ. ನಾನು ಅದನ್ನು ತಣ್ಣೀರಲ್ಲಿ ಅದ್ದಿ ಗಟ್ಟಿ ಮಾಡಿ, ಬೆನ್ನಿಗೆ ದಬ್ಬಳದಿಂದ ಹೆಸರು, ದಿನ, ಆಡಿದ ಮಾತು ಗೀಚಿ, ಅವರವರ ಸಾಲಿನಲ್ಲಿ ಇಡುತ್ತೇನೆ. ಮೇಣದ ಮನೆಯ ಕೆಲಸ ಎಂದರೆ ಇಷ್ಟೇ. ಇಪ್ಪತ್ತೆಂಟು ವರ್ಷದಿಂದ ಮಾಡುತ್ತಿದ್ದೇನೆ. ನನ್ನ ಹೆಸರು ತುಂಗಮ್ಮ.

ಬಿಲ್ಲೆ ಇಟ್ಟುಕೊಳ್ಳುವವಳು ತಾನು ಬಿಲ್ಲೆ ಕಚ್ಚಬಾರದು, ಅದೊಂದು ಕಟ್ಟಳೆ. ಮದುವೆಗೂ ಕಚ್ಚಲೇಬೇಕಲ್ಲ, ಹಾಗಾಗಿ ನನಗೆ ಮದುವೆಯೂ ಇಲ್ಲ. ದೊಡ್ಡ ನಷ್ಟವೇನೂ ಆಗಿಲ್ಲ ಬಿಡಿ. ಇನ್ನೊಂದು ಕಟ್ಟಳೆ, ಒಬ್ಬರ ಸಾಲನ್ನು ಇನ್ನೊಬ್ಬರಿಗೆ ತೋರಿಸುವ ಹಾಗಿಲ್ಲ. ಸತ್ತವರದಾದರೆ ಮಕ್ಕಳು ನೋಡಬಹುದು. ನಾನು ಮಾತ್ರ ಎಲ್ಲರದನ್ನೂ ನೋಡುತ್ತೇನೆ, ನೋಡದೆ ಇರಲಿಕ್ಕೆ ನನ್ನಿಂದ ಆಗುವುದೂ ಇಲ್ಲ. ಹುಟ್ಟಿದಾಗಿನಿಂದ ನನಗೆ ಈ ಕೆಟ್ಟ ಕುತೂಹಲ. ಊರಿನ ಜನಕ್ಕೂ ಇದು ಗೊತ್ತು. ಅದಕ್ಕೇ ಇರಬೇಕು, ನನ್ನ ಹತ್ತಿರ ಮಾತಾಡುವವರೆಲ್ಲ ಒಂದು ಮೊಳ ದೂರ ನಿಂತು, ಮುಖ ಸ್ವಲ್ಪ ಆಚೆ ತಿರುಗಿಸಿಕೊಂಡು ಮಾತಾಡುತ್ತಿದ್ದರು. ಗುಟ್ಟು ಬಲ್ಲವಳೆಂದು ಭಯಭಕ್ತಿ ಎಂದುಕೊಂಡು ನಾನು ಒಳಗೊಳಗೇ ಬೀಗುತ್ತಿದ್ದೆ.

ಈಗ ಕೆಂಪಿನ ವಿಷಯ ಹೇಳಬೇಕು. ಕಚ್ಚಿದ ಬಿಲ್ಲೆಯ ಮೇಲೆ ಕೆಂಪು ಕಂಡರೆ ಮಾತು ಗಟ್ಟಿ ಎಂದು ನಮ್ಮೂರಿನ ನಂಬಿಕೆ. ಮಾತು ಬರೀ ನಾಲಗೆಯದ್ದಲ್ಲ, ರಕ್ತದಿಂದ ಬಂದದ್ದು ಎಂದು ಅರ್ಥ. ಬಿಳಿ ಬಿಲ್ಲೆಯವರ ಮಾತನ್ನು ಯಾರೂ ತಳ್ಳಿಹಾಕುವುದಿಲ್ಲ. ಆದರೆ ಎದುರಿಗೆ ಕೆಂಪು ಬಿಲ್ಲೆ ಬಿದ್ದರೆ ಬಿಳಿಯದು ಸೋತ ಹಾಗೆಯೇ. ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರು ಬಿಲ್ಲೆ ಎತ್ತಿ ಬಿಸಿಲಿಗೆ ಹಿಡಿದು ಕೆಂಪು ಹುಡುಕುತ್ತಾರೆ. ಕಂಡರೆ ಹೆಣ್ಣಿನ ತಾಯಿಯ ಮುಖ ಅರಳುತ್ತದೆ. ಅದಕ್ಕಾಗಿ ಒಂದು ಉಪಾಯವೂ ಇದೆ. ಮೇಣ ಕಚ್ಚುವ ದಿನಕ್ಕೆ ಮುಂಚೆ ನಾಲ್ಕು ದಿನ ಬೇವಿನ ಕಡ್ಡಿ ಮುಟ್ಟುವುದಿಲ್ಲ, ಹಲ್ಲು ಉಜ್ಜುವುದಿಲ್ಲ. ಕಡ್ಡಿ ಬಿಡುವುದು ಎನ್ನುತ್ತಾರೆ. ಕಡ್ಡಿ ಬಿಟ್ಟರೆ ಕೆಂಪು ಚೆನ್ನಾಗಿ ಬರುತ್ತದೆ. ಯಾಕೆ ಬರುತ್ತದೆ ಎಂದು ಯಾರೂ ಕೇಳಿರಲಿಲ್ಲ. ಕುತೂಹಲದ ಮುದ್ದೆಯಾದ ನಾನೂ ಕೇಳಿರಲಿಲ್ಲ, ಅದೇ ನನಗೆ ಇವತ್ತಿಗೂ ನಾಚಿಕೆ.

ಊರಿನಲ್ಲಿ ಎಲ್ಲರಿಗಿಂತ ಕೆಂಪು ಬಿಲ್ಲೆ ನನ್ನ ತಂಗಿಯದು. ಅವಳ ಹೆಸರು ವೇದಾವತಿ. ಎಂದೂ ಕಣ್ಣಿಂದ ನೋಡಿರದ ಹೊಳೆಗಳ ಹೆಸರನ್ನು ನಮ್ಮಪ್ಪ ನಮಗಿಬ್ಬರಿಗೂ ಇಟ್ಟಿದ್ದ. ವೇದಾಳಿಗೆ ಈಗ ಮೂವತ್ತೈದು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಅವಳು ಕಚ್ಚಿದ ಬಿಲ್ಲೆಯಲ್ಲಿ ಮೊದಲ ಸಲ ನೂಲಿನಷ್ಟು ಕೆಂಪು ಕಂಡಿತು. ಅಲ್ಲಿಂದ ವರ್ಷವರ್ಷಕ್ಕೂ ಹೆಚ್ಚುತ್ತಲೇ ಹೋಯಿತು. ಅವಳು ಸುಳ್ಳು ಹೇಳುವವಳೂ ಅಲ್ಲ. ಹಾಗಾಗಿ ಸಾಕ್ಷಿ ಬೇಕಾದವರೆಲ್ಲ ಅವಳ ಬಾಗಿಲಿಗೆ ಬರತೊಡಗಿದರು. ಯಾರದಾದರೂ ಮನೆಯಲ್ಲಿ ಮುಖ್ಯವಾದ ಮಾತು ನಡೆಯುವಾಗ ವೇದಮ್ಮನನ್ನು ಕರೆಯಿರಿ, ಒಂದು ಮೂಲೆಯಲ್ಲಿ ಕೂತು ಕೇಳಿಸಿಕೊಳ್ಳಲಿ ಎನ್ನುವಷ್ಟಾಯಿತು. ತಿಂಗಳಲ್ಲಿ ಎರಡು ಮೂರು ಸಲ ಸಾಕ್ಷಿ ಎಂದರೆ ಅರ್ಧ ತಿಂಗಳು ಕಡ್ಡಿ ಬಿಟ್ಟ ಹಾಗೆಯೇ. ಊರಲ್ಲಿ ಅವಳು ನಡೆದು ಬಂದರೆ ಗಂಡಸರೂ ಜಗಲಿಯಿಂದ ಎದ್ದು ನಿಲ್ಲುತ್ತಿದ್ದರು. ಅಕ್ಕನಾದ ನನಗೆ ಹೆಮ್ಮೆಯೂ ಇತ್ತು, ಚೂರು ಹೊಟ್ಟೆಕಿಚ್ಚೂ ಇತ್ತು. ಮುಚ್ಚಿಟ್ಟು ಏನು ಪ್ರಯೋಜನ?

ಮೇಣದ ಮನೆಯ ಹಿತ್ತಲಲ್ಲಿ ಒಂದು ಸೀಬೆ ಮರವಿದೆ. ಬೆಳಿಗ್ಗೆ ಬಂದ ತಕ್ಷಣ ಒಂದು ಹಣ್ಣು ಕಿತ್ತು ತಿನ್ನುವುದು ನನ್ನ ಅಭ್ಯಾಸ. ಒಳಗೆ ಬಿಳಿ, ಕಚ್ಚಿದ ಕಡೆ ತೆಳ್ಳಗೆ ಕೆಂಪು ಗೆರೆ. ಅಪರೂಪದ ಜಾತಿ ಎಂದು ನಾನು ಹೇಳಿದರೆ ವೇದಾ ನಗುತ್ತಿದ್ದಳು. ಎಲ್ಲಾ ಸೀಬೆಯ ಹಾಗೆ ಬಿಳೀದೇ ಕಣಕ್ಕ, ನಿನ್ನ ಮರ ಅಂದರೆ ನಿನಗೆ ಎಲ್ಲಾ ದೊಡ್ಡದೇ ಎಂದು ಕಿಚಾಯಿಸುತ್ತಿದ್ದಳು. ಈ ವಿಷಯಕ್ಕೆ ಇಬ್ಬರೂ ವರ್ಷಗಟ್ಟಲೆ ವಾದ ಮಾಡಿದ್ದೇವೆ.

ಹೋದ ಬೇಸಿಗೆಯಲ್ಲಿ ಮೇಣದ ಮನೆಯ ಒಂದು ಹಲಗೆಗೆ ಗೆದ್ದಲು ಹಿಡಿಯಿತು. ಅದರ ಮೇಲಿದ್ದದ್ದು ನಮ್ಮ ಮನೆತನದ ಸಾಲುಗಳು. ಹಲಗೆ ಬದಲಾಯಿಸುವವರೆಗೆ ಬಿಲ್ಲೆಗಳನ್ನೆಲ್ಲ ಇಳಿಸಿ, ತೇವದ ಗೋಣಿ ಹಾಸಿ, ನೆಲದ ಮೇಲೆ ಹರಡಿದೆ. ತೀರಿಕೊಂಡ ನಮ್ಮವ್ವನ ಸಾಲು ಒಂದು ಕಡೆ, ಅದರ ಪಕ್ಕಕ್ಕೇ ವೇದಾಳ ಸಾಲು. ಒಂದೊಂದು ಬಿಲ್ಲೆಯನ್ನೂ ಎತ್ತಿ ನೋಡಿ ಇಟ್ಟಿದ್ದೆನೇ ಹೊರತು ಒಬ್ಬರದನ್ನು ಮೊದಲಿನಿಂದ ಕೊನೆಯವರೆಗೆ ಒಟ್ಟಿಗೆ ನೋಡಿದ್ದು ಅದೇ ಮೊದಲು.

ಅವ್ವನ ಮೊದಲ ಬಿಲ್ಲೆ ಅವಳ ಮದುವೆಯದು. ಹಲ್ಲಿನ ಗುರುತು ಸಾಲಾಗಿ, ಒತ್ತಾಗಿ ಇತ್ತು. ಮೇಲೆ ಒಸಡಿನ ಅಂಚು ತೆಳ್ಳಗೆ, ಹಲ್ಲಿಂದ ಹಲ್ಲಿಗೆ ಚೂಪಾಗಿ ಇಳಿದಿತ್ತು. ಮೂರನೆಯದರಲ್ಲಿ ಕೆಂಪು ನೂಲು. ನಾಲ್ಕು, ಐದರಲ್ಲಿ ಕೆಂಪು ದಪ್ಪವಾಗಿ, ಒಸಡಿನ ಅಂಚು ಉಬ್ಬಿ, ಆ ಚೂಪು ಹೋಗಿ ದುಂಡಗಾಗಿತ್ತು. ಆರರಲ್ಲಿ ಹಲ್ಲುಗಳು ಮೊದಲಿಗಿಂತ ಉದ್ದವಾಗಿದ್ದವು. ನಲವತ್ತು ದಾಟಿದವಳಿಗೆ ಹಲ್ಲು ಬೆಳೆಯುತ್ತದೆಯೇ ಎಂದು ಬೆರಳಿಟ್ಟು ಅಳೆದೆ. ಬೆಳೆದದ್ದು ಹಲ್ಲಲ್ಲ, ಒಸಡು ಮೇಲಕ್ಕೆ ಸರಿದಿತ್ತು. ಏಳರಲ್ಲಿ ಹಲ್ಲುಗಳ ನಡುವೆ ಸಂದು. ಎಂಟರಲ್ಲಿ ಒಂದು ಹಲ್ಲು ಪಕ್ಕಕ್ಕೆ ತಿರುಗಿತ್ತು, ಇನ್ನೊಂದರ ಗುರುತು ಮೇಣದ ಮೇಲೆ ಸುಮ್ಮನೆ ಸವರಿದ ಹಾಗಿತ್ತು, ಕಚ್ಚುವ ಬಲವೇ ಇಲ್ಲ. ಒಂಬತ್ತರಲ್ಲಿ ಆ ಎರಡು ಹಲ್ಲೂ ಇಲ್ಲ. ಹತ್ತನೆಯದೇ ಕೊನೆ. ಆಗ ಅವಳಿಗೆ ನಲವತ್ತೊಂಬತ್ತು.

ನಮ್ಮೂರಲ್ಲಿ ಹಲ್ಲು ಹೋದವರನ್ನು ಬಾಯಿ ಬಿದ್ದವರು ಎನ್ನುತ್ತಾರೆ. ಅವರು ಮೇಣ ಕಚ್ಚುವ ಹಾಗಿಲ್ಲ, ಅವರ ಪರವಾಗಿ ಯಾರಾದರೂ ಕಚ್ಚಬೇಕು. ವೇದಾಳ ಮದುವೆಯಲ್ಲಿ ಹೆಣ್ಣು ಕೊಟ್ಟೆವು ಎಂಬ ಮಾತಿಗೆ ನಮ್ಮ ಸೋದರಮಾವ ಕಚ್ಚಿದ. ಹೆತ್ತವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕಂಬಕ್ಕೆ ಒರಗಿ ಕೂತಿದ್ದಳು. ಆವತ್ತು ಅವ್ವನ ಕಣ್ಣು ನಾನು ನೋಡಿದ್ದೇನೆ.

ಆ ನೆನಪಿನಲ್ಲೇ ವೇದಾಳ ಸಾಲಿಗೆ ತಿರುಗಿದೆ. ತೆಳ್ಳಗಿನ ಅಂಚು, ಕೆಂಪು ನೂಲು, ಉಬ್ಬು, ಉದ್ದವಾದ ಹಲ್ಲು. ಕೊನೆಯ ಬಿಲ್ಲೆಯಲ್ಲಿ ಕೆಳಗಿನ ಎರಡು ಹಲ್ಲುಗಳ ನಡುವೆ ಸಂದು. ಅವ್ವನ ಏಳನೆಯ ಬಿಲ್ಲೆಯನ್ನು ಎತ್ತಿ ಅದರ ಪಕ್ಕಕ್ಕೆ ಹಿಡಿದೆ. ಒಂದೇ ಬಾಯಿ ಎನ್ನಬೇಕು. ಅವ್ವನಿಗೆ ಏಳರ ನಂತರ ಉಳಿದಿದ್ದದ್ದು ಮೂರೇ ಬಿಲ್ಲೆ. ಬಿಲ್ಲೆ ಕೆಳಗಿಟ್ಟು, ಬಾಗಿಲಿಗೆ ಅಗುಳಿ ಹಾಕಿ, ನೇರ ತಂಗಿಯ ಮನೆಗೆ ನಡೆದೆ.

ವೇದಾ ರೊಟ್ಟಿಯನ್ನು ಸಾರಲ್ಲಿ ನೆನೆಸುತ್ತ ಕೂತಿದ್ದಳು. ರೊಟ್ಟಿಯ ಗರಿಗರಿ ಅಂಚಿಗೆ ಜಗಳ ಆಡುತ್ತಿದ್ದ ಹುಡುಗಿ ಇವಳು. ಯಾವಾಗಿನಿಂದ ನೆನೆಸಿಕೊಂಡು ತಿನ್ನುತ್ತಿದ್ದೀ ಎಂದು ಕೇಳಿದೆ. ಮೊದಲು ಹಾರಿಕೆಯ ಮಾತಾಡಿದಳು. ನಾನು ಬಿಡಲಿಲ್ಲ. ಕೊನೆಗೆ ಒಂದೊಂದೇ ಹೊರಗೆ ಬಂತು. ಬೆಳಿಗ್ಗೆ ಎದ್ದಾಗ ದಿಂಬಿನ ಮೇಲೆ ಕಲೆ ಇರುತ್ತದೆ. ಬಾಯಲ್ಲಿ ಯಾವಾಗಲೂ ತುಕ್ಕು ನೆಕ್ಕಿದ ಹಾಗೆ ರುಚಿ. ಕೆಳಗಿನ ಒಂದು ಹಲ್ಲು ನಾಲಗೆ ತಾಗಿದರೆ ಅಲ್ಲಾಡುತ್ತದೆ. ನೋವು ಇದೆಯೇ ಎಂದೆ. ಅದೊಂದು ಇಲ್ಲ, ಅದಕ್ಕೇ ಸುಮ್ಮನಿದ್ದೆ ಎಂದಳು.

ನಾನು ಅವ್ವನ ಬಿಲ್ಲೆಗಳ ವಿಷಯ ಹೇಳಿದೆ. ಅವಳು ತಟ್ಟೆ ಸರಿಸಿದಳು.

"ಅಕ್ಕ, ಕೆಂಪು ನಿಂತ್ರೆ ನನ್ನ ಮಾತು ಯಾರು ಕೇಳ್ತಾರೆ? ನಿಲ್ಲದೇ ಇದ್ರೆ ಅವ್ವನ ಹಂಗೆ ಕಂಬಕ್ಕೆ ಒರಗಿ ಕೂತ್ಕೋಬೇಕು. ನೀನೇ ಹೇಳು, ಯಾವುದು ಆರಿಸ್ಕೊಳ್ಳಲಿ?"

ನನಗೆ ಗೊತ್ತಿದ್ದದ್ದು ಒಂದೇ, ಈ ಕೆಂಪು ಏನು ಎಂದು ತಿಳಿಯದೆ ನನಗೆ ಇನ್ನು ಅನ್ನ ಇಳಿಯುವುದಿಲ್ಲ. ಬಸ್ಸಿನಲ್ಲಿ ಎರಡು ಗಂಟೆ ದೂರದ ಪೇಟೆಯಲ್ಲಿ ಮೇಣ ಕಚ್ಚುವವರಿಲ್ಲ, ಅಲ್ಲಿ ಕಾಗದಕ್ಕೆ ಸಹಿ ಹಾಕುತ್ತಾರೆ. ಆದರೆ ಹಲ್ಲಿನ ಡಾಕ್ಟರು ಒಬ್ಬರಿದ್ದಾರೆ, ಶಕೀಲಾ ಎಂದು. ಮಂಗಳವಾರ ತಂಗಿಯನ್ನು ಎಳೆದುಕೊಂಡು ಹೋದೆ. ಅವ್ವನ ಬಿಲ್ಲೆಗಳನ್ನೂ, ಅವಳನ್ನೇ ಕೇಳಿ ಇವಳವುಗಳಲ್ಲಿ ವರ್ಷಕ್ಕೊಂದರಂತೆ ಆರಿಸಿದವನ್ನೂ ಬುಟ್ಟಿಯಲ್ಲಿ ಹುಲ್ಲು ಹಾಸಿ ಒಯ್ದಿದ್ದೆ.

ಡಾಕ್ಟರಮ್ಮ ವೇದಾಳನ್ನು ಕುರ್ಚಿಯಲ್ಲಿ ಮಲಗಿಸಿ, ರಕ್ತ ಬರಲು ಶುರುವಾಗಿ ಎಷ್ಟು ದಿನವಾಯಿತು ಎಂದು ಕೇಳಿದರು. ಹನ್ನೆರಡು ವರ್ಷದ ಹಿಂದಿನ ದಿನ, ತಿಂಗಳು, ಆವತ್ತು ಯಾವ ಮಾತಿಗೆ ಕಚ್ಚಿದ್ದಳು ಎಂಬುದನ್ನೆಲ್ಲ ನಾನು ಗಡಗಡ ಒಪ್ಪಿಸಿದೆ. ಅವರು ನನ್ನನ್ನೇ ನೋಡಿದರು. ಬುಟ್ಟಿ ಬಿಚ್ಚಿ ಬಿಲ್ಲೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಮಾತ್ರ ಕೂತಲ್ಲಿಂದ ಎದ್ದು ಬಂದರು. ಒಂದು ಕಾಯಿಲೆ ಹೆಜ್ಜೆಹೆಜ್ಜೆಯಾಗಿ ನಡೆದು ಹೋದದ್ದನ್ನು ಹೀಗೆ ಯಾರಾದರೂ ಎತ್ತಿಟ್ಟದ್ದನ್ನು ತಾವು ನೋಡಿಲ್ಲ ಎಂದರು. ಕಾಯಿಲೆ ಎಂಬ ಮಾತು ಅವರ ಬಾಯಿಂದ ಅಷ್ಟು ಸಲೀಸಾಗಿ ಬಂತು. ವೇದಾ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡಳು.

ಆಮೇಲೆ ಅವರು ಬಿಡಿಸಿ ಹೇಳಿದರು. ಹಲ್ಲಿನ ಬುಡದಲ್ಲಿ ಉಳಿದ ಕೊಳೆಯನ್ನು ದಿನಾ ತೆಗೆಯದಿದ್ದರೆ ಅದು ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಒಸಡು ಅದಕ್ಕೆ ಕೆರಳಿ, ಕೆಂಪಾಗಿ, ಊದಿಕೊಂಡು, ಮುಟ್ಟಿದರೆ ರಕ್ತ ಬಿಡುತ್ತದೆ. ಗಟ್ಟಿ ಒಸಡಿನಲ್ಲಿ ಹಲ್ಲುಜ್ಜಿದರೆ ರಕ್ತ ಬರುವುದಿಲ್ಲ. ಬರೀ ರಕ್ತ ಬರುವ ಹಂತದಲ್ಲಿ ಹಿಡಿದರೆ ಪೂರ್ತಿ ವಾಸಿಯಾಗುತ್ತದೆ. ಬಿಟ್ಟರೆ ಒಳಗೆ ಹಲ್ಲು ಹಿಡಿದಿರುವ ಎಲುಬೇ ಕರಗುತ್ತದೆ, ಆಗ ಒಸಡು ಸರಿಯುತ್ತದೆ, ಸಂದು ಬೀಳುತ್ತದೆ, ಹಲ್ಲು ಅಲ್ಲಾಡುತ್ತದೆ. ಸಕ್ಕರೆ ಕಾಯಿಲೆಯವರಿಗೆ, ಹೊಗೆಸೊಪ್ಪಿನವರಿಗೆ ಬೇಗ. ಕೆಲವು ಮನೆತನಗಳಲ್ಲಿ ತಾಯಿಯಿಂದ ಮಗಳಿಗೂ ಈ ಒಲವು ಬರುತ್ತದೆ. ನೋವು ಬಹಳಷ್ಟು ಜನಕ್ಕೆ ಕೊನೆಯವರೆಗೂ ಇರುವುದೇ ಇಲ್ಲ, ಅದೇ ಇದರ ಮೋಸ ಎಂದರು. ನಮ್ಮೂರಿನ ಕಡ್ಡಿ ಬಿಡುವ ಪದ್ಧತಿ ಕೇಳಿದಾಗ ಅವರು ನಗಲಿಲ್ಲ. ರಕ್ತ ಬರುವ ಕಡೆಯೇ ಮೆತ್ತಗೆ, ತಪ್ಪದೆ ಉಜ್ಜಬೇಕು, ನೀವು ಸರಿಯಾಗಿ ಅದಕ್ಕೆ ತದ್ವಿರುದ್ಧ ಮಾಡುತ್ತ ಬಂದಿದ್ದೀರಿ ಎಂದಷ್ಟೇ ಹೇಳಿದರು.

ಗೆರೆ ಹಾಕಿದ ತೆಳ್ಳಗಿನ ಕಡ್ಡಿಯಿಂದ ಒಸಡಿನ ಆಳ ಅಳೆದರು. ಮೂರು ಮಂಗಳವಾರ ಬರಲು ಹೇಳಿ, ಗಾರೆಯನ್ನೆಲ್ಲ ಕೆರೆದು ತೆಗೆದರು. ಸರಿದ ಒಸಡು ಮತ್ತೆ ಮೊದಲಿನ ಜಾಗಕ್ಕೆ ಬರುವುದಿಲ್ಲ, ಆದರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದರು. ಮೆದು ಬ್ರಷ್ಷಿನಿಂದ ಎರಡು ಹೊತ್ತು ಉಜ್ಜುವುದನ್ನೂ ಹಲ್ಲಿನ ಸಂದಿನಲ್ಲಿ ದಾರ ಆಡಿಸುವುದನ್ನೂ ಕನ್ನಡಿ ಹಿಡಿದು ಕಲಿಸಿದರು. ಕೊನೆಯ ದಿನ ನನ್ನ ಕಡೆ ತಿರುಗಿ, ನೀವೂ ಒಂದು ಸಲ ಕೂತುಕೊಳ್ಳಿ ಅಮ್ಮ, ನೋಡಿಬಿಡುತ್ತೇನೆ ಎಂದರು. ನನಗೇನೂ ನೋವಿಲ್ಲ, ಬಂದದ್ದು ತಂಗಿಗೆ ಎಂದು ನಾನು ಬುಟ್ಟಿ ಎತ್ತಿಕೊಂಡೆ. ನೋವಿನ ವಿಷಯ ಅವರು ಹೇಳಿದ್ದನ್ನು ಮೊದಲ ದಿನವೇ ತಲೆದೂಗಿ ಕೇಳಿದ್ದವಳು ನಾನು. ಮನುಷ್ಯರ ಬುದ್ಧಿ ಹೀಗೂ ಇರುತ್ತದೆ.

ಎರಡು ವಾರಕ್ಕೆ ವೇದಾಳ ದಿಂಬಿನ ಕಲೆ ನಿಂತಿತು. ತಿಂಗಳು ಕಳೆದ ಮೇಲೆ ಅಲ್ಲಾಡುತ್ತಿದ್ದ ಹಲ್ಲು ಬಿಗಿಯಾದಂತಾಯಿತು. ಒಂದು ದಿನ ಅವಳು ನನ್ನೆದುರು ರೊಟ್ಟಿಯ ಗರಿಗರಿ ಅಂಚನ್ನು ಕಟಕಟ ಅನಿಸಿ ತಿಂದಳು. ಇಬ್ಬರೂ ಹುಚ್ಚರ ಹಾಗೆ ನಕ್ಕೆವು. ಸಾಕ್ಷಿಗೆ ಕರೆಯಲು ಬಂದವರಿಗೆಲ್ಲ ಅವಳು ಮೈ ಸರಿಯಿಲ್ಲ ಎಂದು ಹೇಳಿ ಕಳಿಸುತ್ತಿದ್ದಳು. ಎಷ್ಟು ದಿನ ಹಾಗೆ ಹೇಳಲು ಆಗುತ್ತದೆ?

ಹಾಲಮ್ಮ ಬಂದ ದಿನ ಆಗಲಿಲ್ಲ. ಹಾಲಮ್ಮ ಎಂದರೆ ನಮ್ಮ ಕೇರಿಯಲ್ಲಿ ಬುಟ್ಟಿ ಹೆಣೆಯುವವಳು, ಒಂಟಿ ಹೆಂಗಸು. ಎರಡು ವರ್ಷದ ಹಿಂದೆ ಪಕ್ಕದ ಮನೆಯ ಗಂಗಿ, ಗಂಡ ಸತ್ತವಳು, ಜ್ವರದಲ್ಲಿ ತೀರಿಕೊಳ್ಳುವಾಗ ನಾಲ್ಕು ವರ್ಷದ ಮಗಳು ಸಿರಿಯನ್ನು ಇವಳ ಮಡಿಲಿಗೆ ಹಾಕಿದ್ದಳು. ಮೇಣ ತರುವಷ್ಟರಲ್ಲಿ ಗಂಗಿಯ ಜೀವ ಹೋಗಿತ್ತು. ಆ ಮಾತು ಕೇಳಿಸಿಕೊಂಡವಳು ವೇದಾ ಒಬ್ಬಳೇ. ಈಗ ಗಂಗಿಯ ಅಣ್ಣ ಶಿವಲಿಂಗ ಬಂದು, ಮಗು ನನ್ನದು, ಕರೆದುಕೊಂಡು ಹೋಗುತ್ತೇನೆ ಎಂದು ಕೂತಿದ್ದ. ಎರಡು ವರ್ಷ ತಿರುಗಿ ನೋಡದವನಿಗೆ ಈಗ ಮಗುವಿನ ನೆನಪಾದದ್ದು ಯಾಕೆಂದರೆ, ಅವನ ಹೆಂಡತಿ ಅವಳಿ ಹೆತ್ತಿದ್ದಳು, ತೊಟ್ಟಿಲು ತೂಗಲು ಒಂದು ಕೈ ಬೇಕಿತ್ತು. ಐದು ದಿನಕ್ಕೆ ಹೊಂಗೆ ಮರದ ಕಟ್ಟೆಯಲ್ಲಿ ಪಂಚಾಯ್ತಿ. ಹಾಲಮ್ಮ ವೇದಾಳ ಕೈ ಹಿಡಿದುಕೊಂಡು ಬೇರೇನೂ ಕೇಳಲಿಲ್ಲ, ಇವತ್ತಿಂದಲೇ ಕಡ್ಡಿ ಬಿಡ್ತೀಯ ಅಲ್ವಾ ತಾಯಿ ಎಂದಷ್ಟೇ ಕೇಳಿದಳು. ಅವಳ ಸೆರಗು ಹಿಡಿದುಕೊಂಡು ಆ ಮಗು ನಿಂತಿತ್ತು.

ಹಾಲಮ್ಮ ಹೋದ ಮೇಲೆ ನಾನೇ ಹೇಳಿದೆ, ನಾಲ್ಕು ದಿನ ತಾನೆ, ಬಿಟ್ಟುಬಿಡು, ಆಮೇಲೆ ಡಾಕ್ಟರಮ್ಮನ ಹತ್ತಿರ ಮತ್ತೆ ಹೋದರಾಯಿತು. ಬಿಟ್ಟರೆ ಒಂದಿಷ್ಟಾದರೂ ಕೆಂಪು ಬಂದೀತು, ಮಗು ಉಳಿದೀತು. ನನಗೆ ಬೇರೆ ದಾರಿ ಕಾಣಲಿಲ್ಲ.

"ಮುಂಚೆ ಗೊತ್ತಿರಲಿಲ್ಲ, ಕೆಂಪು ಬರ್ತಿತ್ತು, ನಾನೂ ನಂಬಿದ್ದೆ," ಎಂದಳು ವೇದಾ. "ಈಗ ಗೊತ್ತಿದ್ದೂ ಬೇಕಂತ ಬರಿಸಿದ್ರೆ ಅದು ಮೋಸ ಅಲ್ವೇನಕ್ಕ? ಗಂಗಿ ಮಾತು ನಿಜ. ಅದಕ್ಕೆ ಸುಳ್ಳು ಬಣ್ಣ ಬಳಿಯಲಾರೆ ನಾನು."

ತಂಗಿ ನನಗಿಂತ ದೊಡ್ಡವಳು ಎನ್ನಿಸಿತು ಆ ಕ್ಷಣ. ಬೆಳಿಗ್ಗೆ ಅವಳು ಎಂದಿನ ಹಾಗೆ ಹಲ್ಲು ಉಜ್ಜುವುದನ್ನು ನೋಡುತ್ತ ಜಗಲಿಯಲ್ಲಿ ಕೂತಿದ್ದೆ. ಆಗ ನನಗೊಂದು ಯೋಚನೆ ಬಂತು. ಎಲ್ಲರಿಗೂ ನಿಜವೆಂದು ಗೊತ್ತಿರುವ ಒಂದು ಮಾತನ್ನು ಯಾರಾದರೂ ಎಲ್ಲರೆದುರು ಆಡಿ, ಬಿಳಿ ಬಿಲ್ಲೆ ಕಚ್ಚಿ ತೋರಿಸಿದರೆ? ನಿಜಕ್ಕೂ ಬಿಳಿ ಬರುತ್ತದೆ ಎಂದು ಅವರಿಗೂ ಕಾಣುತ್ತದಲ್ಲ. ಇನ್ಯಾರೂ ಇದಕ್ಕೆ ಒಪ್ಪಲಾರರು. ಐವತ್ತೊಂದು ವರ್ಷಕ್ಕೆ ಒಂದೂ ಹಲ್ಲು ಬೀಳದ, ಒಂದು ದಿನವೂ ಹಲ್ಲುನೋವು ಕಾಣದ ಬಾಯಿ ನನ್ನದು. ಕಟ್ಟಳೆ ಮುರಿದರೆ ಮುರಿಯಿತು, ಹೆಚ್ಚೆಂದರೆ ಕೆಲಸ ಹೋದೀತು ಎಂದು ಗಟ್ಟಿ ಮನಸ್ಸು ಮಾಡಿದೆ. ವೇದಾಳಿಗೂ ಹೇಳಲಿಲ್ಲ.

ಪಂಚಾಯ್ತಿಯ ದಿನ ಬಿಸಿಲು ಏರುವ ಹೊತ್ತಿಗೆ ಕಟ್ಟೆಯ ಸುತ್ತ ಊರಿಗೆ ಊರೇ ಸೇರಿತ್ತು. ನ್ಯಾಯ ಹೇಳುವವರು ರುದ್ರಮುನಿ ಯಜಮಾನರು, ಎಪ್ಪತ್ತರ ಆಸುಪಾಸಿನವರು, ತಾವೂ ಒಂದು ಕಾಲಕ್ಕೆ ಕೆಂಪು ಬಿಲ್ಲೆಗೆ ಹೆಸರಾದವರು. ಈಗ ಅವರಿಗೆ ಉಳಿದಿರುವುದು ಮುಂದಿನ ಮೂರು ಹಲ್ಲು. ಶಿವಲಿಂಗ ಒಂದು ಕಡೆ, ಹಾಲಮ್ಮ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಇನ್ನೊಂದು ಕಡೆ. ನಾನು ಕೆಂಡದ ಮೇಲೆ ಮೇಣ ಬಿಸಿ ಮಾಡಿ ಕೊಟ್ಟೆ. ಗಂಗಿ ಸಾಯುವಾಗ ಮಗಳನ್ನು ಹಾಲಮ್ಮನಿಗೆ ಒಪ್ಪಿಸಿದ್ದು ನಿಜ, ನಾನು ಕೇಳಿದ್ದೇನೆ ಎಂದು ವೇದಾ ಹೇಳಿ, ಒಸಡು ತಾಗುವವರೆಗೆ ಕಚ್ಚಿ ಬಿಟ್ಟಳು.

ಯಜಮಾನರು ಬಿಲ್ಲೆಯನ್ನು ಬಿಸಿಲಿಗೆ ಹಿಡಿದರು. ತಿರುಗಿಸಿದರು. ಕಣ್ಣು ಉಜ್ಜಿಕೊಂಡು ಮತ್ತೆ ಹಿಡಿದರು. ಕೆಂಪಿಲ್ಲವಲ್ಲ ವೇದಮ್ಮ ಎಂದರು. ಅವರ ದನಿಯಲ್ಲಿ ಕೋಪ ಇರಲಿಲ್ಲ, ದುಃಖ ಇತ್ತು, ಅದು ಇನ್ನೂ ಕಷ್ಟ. ಜನರ ನಡುವೆ ಗುಸುಗುಸು ಎದ್ದಿತು. ಹನ್ನೆರಡು ವರ್ಷ ಕೆಂಪು ಬಂದವಳಿಗೆ ಇವತ್ತೇ ಬಿಳಿ ಬಂದಿದೆ ಎಂದರೆ ಇವತ್ತಿನದೇ ಸುಳ್ಳು ಎಂದು ಯಾರೋ ಅಂದರು. ಶಿವಲಿಂಗ ಎದ್ದು ಬಂದು ಸಿರಿಯ ರಟ್ಟೆ ಹಿಡಿದ. ಹಾಲಮ್ಮ ಮಗುವಿನ ಇನ್ನೊಂದು ಕೈ ಹಿಡಿದುಕೊಂಡಳು.

ನಾನು ಅಡ್ಡ ಹೋಗಿ ನಿಂತೆ. ಬುಟ್ಟಿಯಲ್ಲಿ ತಂದಿದ್ದ ಅವ್ವನ ಮತ್ತು ವೇದಾಳ ಬಿಲ್ಲೆಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಜನ ಬಗ್ಗಿ ನೋಡಿದರು. ಒಬ್ಬಿಬ್ಬರು ತಮ್ಮ ಹಲ್ಲನ್ನು ನಾಲಗೆಯಿಂದ ಮುಟ್ಟಿಕೊಂಡದ್ದನ್ನೂ ಕಂಡೆ. ಆದರೆ ಶಿವಲಿಂಗ, ತಂಗಿಗಾಗಿ ಅಕ್ಕ ಕಥೆ ಕಟ್ಟುತ್ತಿದ್ದಾಳೆ ಎಂದ. ಆಗ ನಾನು ಕೆಂಡದ ಮೇಲಿಂದ ಒಂದು ಬಿಲ್ಲೆ ಎತ್ತಿಕೊಂಡೆ. ನಾನು ತುಂಗಮ್ಮ, ವೇದಾವತಿಯ ಅಕ್ಕ, ಇದು ನಿಜ ಅಲ್ಲ ಎನ್ನುವವರು ಯಾರಾದರೂ ಇದ್ದೀರಾ ಎಂದು ಕೇಳಿದೆ. ಯಾರೂ ಇರಲಿಲ್ಲ. ಮೇಣದ ಮನೆಯವಳು ಮೇಣ ಬಾಯಿಗೆ ಒಯ್ದದ್ದನ್ನು ಕಂಡು ಊರು ಉಸಿರು ಹಿಡಿಯಿತು. ಕಚ್ಚಿದೆ. ಬಿಟ್ಟೆ. ನೋಡಿ, ನಿಜಕ್ಕೆ ಬಿಳಿ ಬಂದಿದೆ ಎಂದು ಹೇಳಲು ಬಾಯಿ ತೆರೆದವಳು ಹಾಗೇ ನಿಂತೆ.

ಬಿಲ್ಲೆಯ ಮೇಲೆ ಕೆಂಪಿತ್ತು. ನೂಲಿನಷ್ಟಲ್ಲ, ದಾರದಷ್ಟೂ ಅಲ್ಲ, ಮೇಲಿಂದ ಕೆಳಗೆ ಹರಿದ ಕೆಂಪು.

ನನಗೆ ಎಲ್ಲಿಯೂ ನೋವಾಗಿರಲಿಲ್ಲ. ನನ್ನ ಬಾಯಿಯೇ ಎಂದು ನಂಬಲಾರದೆ ಬೆರಳಿಟ್ಟು ನೋಡಿಕೊಂಡೆ, ಬೆರಳೂ ಕೆಂಪಾಯಿತು. ಶಿವಲಿಂಗ ನಕ್ಕ. ನಿಜಕ್ಕೆ ಕೆಂಪೇ ಬರುತ್ತದೆ ಎಂದು ನೀನೇ ತೋರಿಸಿಕೊಟ್ಟೆಯಲ್ಲ ತುಂಗಕ್ಕ ಎಂದ. ತಂಗಿಯ ಮಾತನ್ನು ಉಳಿಸಲು ಹೋಗಿ ನಾನೇ ಮಣ್ಣು ಹಾಕಿದೆನಲ್ಲ ಎಂದು ಅಳು ಬಂತು. ವೇದಾ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ನನ್ನ ಬಾಯಿಯ ಬಗ್ಗೆ ಗಾಬರಿ ಇತ್ತು. ಆ ಗಾಬರಿ ನೋಡಿದ ಮೇಲೆ ನನ್ನ ತಲೆ ಓಡಿತು. ಕೆಂಡದ ಮೇಲೆ ಇನ್ನೊಂದು ಬಿಲ್ಲೆ ಉಳಿದಿತ್ತು.

"ಕೇಳಿಸ್ಕೊಳ್ಳಿ ಎಲ್ಲರೂ," ಎಂದೆ. "ನಾನು ತುಂಗಮ್ಮ. ಈ ಶಿವಲಿಂಗನ ಹೆಂಡತಿ. ಆ ಅವಳಿ ಮಕ್ಕಳು ನನ್ನ ಹೊಟ್ಟೇಲಿ ಹುಟ್ಟಿದವು."

ಜನ ಗೊಳ್ಳೆಂದು ನಕ್ಕರು. ಶಿವಲಿಂಗನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಆ ನಗು ನಿಲ್ಲುವ ಮೊದಲೇ ನಾನು ಕಚ್ಚಿ, ಬಿಲ್ಲೆಯನ್ನು ಯಜಮಾನರ ಕೈಗೆ ಕೊಟ್ಟೆ. ಅವರು ಬಿಸಿಲಿಗೆ ಹಿಡಿದರು. ನಗು ತಾನಾಗಿ ನಿಂತಿತು. ಎರಡನೆಯದು ಮೊದಲಿನದಕ್ಕಿಂತ ಕೆಂಪಾಗಿತ್ತು.

ರುದ್ರಮುನಿ ಯಜಮಾನರು ಎರಡು ಬಿಲ್ಲೆಗಳನ್ನೂ ಎರಡು ಅಂಗೈಯಲ್ಲಿ ಇಟ್ಟುಕೊಂಡು ಒಂದಾದ ಮೇಲೊಂದು ನೋಡಿದರು. ಸುಳ್ಳಿಗೂ ಬಂತಲ್ಲ ಎಂದು ತಮಗೆ ತಾವೇ ಅಂದುಕೊಂಡರು. ಆಮೇಲೆ ಬಿಲ್ಲೆಗಳನ್ನು ಪಕ್ಕಕ್ಕಿಟ್ಟು ವೇದಾಳನ್ನು ಹತ್ತಿರ ಕರೆದರು.

"ಇನ್ನೊಂದು ಸಲ ಹೇಳಮ್ಮ. ಈ ಸಲ ನಾನು ಮೇಣ ನೋಡಲ್ಲ, ನಿನ್ನ ಮುಖ ನೋಡ್ತೀನಿ."

ವೇದಾ ಹೇಳಿದಳು. ಗಂಗಿಯ ಕೊನೆಯ ಗಳಿಗೆಯನ್ನು ಮೊದಲಿನಿಂದ ಹೇಳಿದಳು. ಮಗು ನಿದ್ದೆಯಲ್ಲಿ ಬೆಚ್ಚಿ ಎದ್ದರೆ ಎತ್ತಿಕೊಳ್ಳಬೇಡ ಹಾಲಕ್ಕ, ಎಡಗಿವಿಯ ಹಿಂದೆ ಮೆತ್ತಗೆ ಸವರು, ತಾನೇ ಮಲಗುತ್ತದೆ ಎಂದು ಗಂಗಿ ಹೇಳಿದ್ದಳಂತೆ. ಆ ಮಾತು ಕೇಳಿದ್ದೇ ತಡ, ಸಿರಿ ರಟ್ಟೆ ಬಿಡಿಸಿಕೊಂಡು, ನಮ್ಮವ್ವ ಹಂಗೇ ಮಾಡೋದು ಎಂದು ಹಾಲಮ್ಮನ ಕಡೆ ಬೆರಳು ತೋರಿಸಿದಳು. ಯಜಮಾನರು ಶಿವಲಿಂಗನನ್ನು ನೋಡಿದರು. ಮಗುವಿನ ಯಾವ ಕಿವಿ ಎಂದು ನಿನಗೆ ಗೊತ್ತಿತ್ತೇನಪ್ಪ ಎಂದು ಕೇಳಿದರು. ಮಗು ಇದ್ದಲ್ಲೇ ಇರಲಿ ಎಂದು ಯಜಮಾನರು ಎದ್ದರು. ಹಾಲಮ್ಮ ಆಗ ಅತ್ತಳು ನೋಡಿ, ಅಷ್ಟು ಹೊತ್ತಿನದನ್ನೆಲ್ಲ ಒಟ್ಟಿಗೆ ಅತ್ತಳು.

ಜನ ಚದುರುವಾಗ ಯಜಮಾನರು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ನಾಳೆ ಬರ್ತೀನಿ, ನನ್ನ ಸಾಲು ತೆಗೆದಿಡು ತುಂಗಮ್ಮ ಎಂದರು. ಮರುದಿನ ಬಂದವರು ಅವರೊಬ್ಬರೇ ಅಲ್ಲ. ಮೇಣದ ಮನೆಯ ಮುಂದೆ ಬಾವಿಯವರೆಗೆ ಜನ ನಿಂತಿದ್ದರು, ತಮ್ಮ ತಮ್ಮ ಸಾಲು ನೋಡಬೇಕೆಂದು. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತಮ್ಮ ಒಂದೇ ಒಂದು ಬಿಲ್ಲೆಯನ್ನು ಬಿಸಿಲಿಗೆ ಹಿಡಿದು, ಈ ಸಲ ಕೆಂಪು ಕಾಣದಿರಲಿ ಎಂದು ನೋಡುತ್ತಿದ್ದರು. ಕಟ್ಟಳೆ ಮುರಿದವಳನ್ನು ಕೆಲಸದಿಂದ ತೆಗೆಯಬೇಕು ಎಂದು ನಾಲ್ಕು ಜನ ಅಂದರಂತೆ. ಆದರೆ ಬೇಸಿಗೆಯಲ್ಲಿ ಮೇಣ ಕುದಿಸುವ ಕೆಲಸಕ್ಕೆ ಬೇರೆ ಯಾರೂ ಮುಂದೆ ಬರಲಿಲ್ಲ.

ಅದೆಲ್ಲ ಆಮೇಲಿನದು. ಆ ದಿನ ಕಟ್ಟೆ ಖಾಲಿಯಾದ ಮೇಲೆ ವೇದಾ ನನ್ನನ್ನು ಮರದ ನೆರಳಿಗೆ ಕೂರಿಸಿ, ಬಾಯಿ ತೆಗಿಯಕ್ಕ ಎಂದಳು. ಗದ್ದ ಹಿಡಿದು ಒಳಗೆ ಬಗ್ಗಿ ನೋಡಿದಳು. ನೋಡುವಾಗ ಉಸಿರು ಬಿಗಿ ಹಿಡಿದಳು. ನಾನು ಕೇಳಿದೆ, ನಿಜ ಹೇಳು, ನನ್ನ ಬಾಯಿ ವಾಸನೆ ಬರುತ್ತದೆಯೇ? ಅವಳು, ನಾಲ್ಕೈದು ವರ್ಷದಿಂದ ಅಕ್ಕ, ಹೇಳಿದರೆ ನೊಂದುಕೊಳ್ಳುತ್ತೀಯ ಅಂತ ಯಾರೂ ಹೇಳಲಿಲ್ಲ ಎಂದಳು. ಒಂದು ಮೊಳ ದೂರ ನಿಲ್ಲುತ್ತಿದ್ದ ಊರೆಲ್ಲ ನನ್ನ ಕಣ್ಣ ಮುಂದೆ ಬಂತು. ಭಯಭಕ್ತಿಯಂತೆ, ನನ್ನ ತಲೆ.

ಮಂಗಳವಾರ ನಾನು ಆ ಕುರ್ಚಿಯಲ್ಲಿ ಮಲಗಿದೆ. ಡಾಕ್ಟರಮ್ಮ ದೀಪ ಇಳಿಸಿಕೊಂಡು, ರಕ್ತ ಯಾವಾಗಿನಿಂದ ಅಮ್ಮ ಎಂದು ಕೇಳಿದರು. ಊರಿನ ಪ್ರತಿಯೊಬ್ಬರ ಮೊದಲ ಕೆಂಪಿನ ದಿನ ನನಗೆ ಬಾಯಿಪಾಠ. ನನ್ನದು ಯಾವಾಗ? ಎಷ್ಟು ಯೋಚಿಸಿದರೂ ಗೊತ್ತಾಗಲಿಲ್ಲ. ಗೊತ್ತಿಲ್ಲ ಡಾಕ್ಟರೇ ಎಂದೆ. ವೇದಾ ನನ್ನ ಕಾಲ ಹತ್ತಿರ ನಿಂತಿದ್ದಳು. ಹಿಂದಿನ ಎರಡು ಹಲ್ಲು ಉಳಿಯುವುದು ಅನುಮಾನ, ಮಿಕ್ಕವನ್ನು ಉಳಿಸೋಣ ಎಂದರು ಡಾಕ್ಟರಮ್ಮ.

ಮೇಣದ ಮನೆಯಲ್ಲಿ ಈಗ ನನ್ನ ಹೆಸರಿನ ಸಾಲೂ ಒಂದಿದೆ. ಅದರಲ್ಲಿ ಇರುವುದು ಎರಡೇ ಬಿಲ್ಲೆ, ಒಂದು ನಿಜದ್ದು, ಒಂದು ಸುಳ್ಳಿನದು. ಬೆನ್ನಿಗೆ ಗೀಚಿದ್ದನ್ನು ಓದದೆ ಯಾವುದು ಯಾವುದೆಂದು ನನಗೂ ಗೊತ್ತಾಗುವುದಿಲ್ಲ.

ಕೆರೆದು ತೆಗೆಸಿಕೊಂಡು, ಎರಡು ಹೊತ್ತು ಉಜ್ಜುವುದು ಅಭ್ಯಾಸವಾಗಿ ಒಂದು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಸಿರಿ ಹಿತ್ತಲಿಗೆ ಬಂದು ಸೀಬೆಹಣ್ಣು ಕೇಳಿದಳು. ಅವಳಿಗೊಂದು ಕಿತ್ತು ಕೊಟ್ಟು ನಾನೂ ಒಂದು ಕಚ್ಚಿದೆ. ಅಭ್ಯಾಸದಂತೆ ಕಚ್ಚಿದ ಕಡೆ ನೋಡಿದೆ. ತಿರುಗಿಸಿ ನೋಡಿದೆ, ಇನ್ನೊಂದು ಕಡೆ ಕಚ್ಚಿ ನೋಡಿದೆ, ಸಿರಿಯ ಕೈಯಲ್ಲಿದ್ದದ್ದನ್ನೂ ಇಸಿದುಕೊಂಡು ಕಚ್ಚಿ ನೋಡಿದೆ. ಯಾಕಜ್ಜಿ, ಹುಳ ಐತಾ ಎಂದು ಅವಳು ನನ್ನ ಮುಖದ ಹತ್ತಿರಕ್ಕೇ ಬಂದು ಬಗ್ಗಿದಳು.

ಹುಳ ಇರಲಿಲ್ಲ. ಒಳಗೆಲ್ಲ ಬಿಳಿ.